ಒಂದು ಪುಟ ಜರುಗಿದ ಕುರಿ ಪುಸ್ತಕ

ಕೋವಿಡ್ ಕಾಟ ಮುಗಿದ ಮರುವರ್ಷ. ಆಗ ಹಿಂದೂಪುರದ ಹಳೇ ಪೇಟೆಯಲ್ಲಿ ನನ್ನ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಗೃಹಪ್ರವೇಶದ ಕಾರ್ಡು, ಎಂದೋ ಒಮ್ಮೆ ಒಂದು ಪುಸ್ತಕ. ಕನ್ನಡದಲ್ಲೂ ತೆಲುಗಿನಲ್ಲೂ ಟೈಪ್ ಮಾಡಿ ಪುಟ ಕಟ್ಟಿಕೊಡುವುದು ನನ್ನ ಕೆಲಸ. ಮುದ್ರಣ ನನ್ನದಲ್ಲ, ಅದು ಪಕ್ಕದ ಬೀದಿಯ ಪ್ರೆಸ್ಸಿನವರದು. ಆ ವೇಳೆಗೆ ನಾನು ಈ ಕಸುಬಿಗೆ ಬಂದು ಇಪ್ಪತ್ತೈದು ವರ್ಷ ದಾಟಿತ್ತು, ಮುಂಗೋಪಿ ಎಂಬ ಹೆಸರೂ ಗಟ್ಟಿಯಾಗಿತ್ತು. ಗಿರಿಜಕ್ಕನ ಹತ್ತಿರ ಕೊಟ್ಟರೆ ಕೆಲಸ ಚೊಕ್ಕ, ಬೈಗುಳ ಉಚಿತ ಎಂದು ಗಿರಾಕಿಗಳು ನನ್ನೆದುರೇ ಹೇಳುತ್ತಿದ್ದರು.

ಯುಗಾದಿ ಕಳೆದ ಮೇಲೆ ಕಲ್ಯಾಣದುರ್ಗದಿಂದ ಡಾಕ್ಟರ್ ರಾಜಶೇಖರ ಬಂದರು. ಪಶುವೈದ್ಯರಾಗಿ ನಿವೃತ್ತರಾದವರು, ಆದರೆ ಕುರಿಗಾರರು ಅವರನ್ನು ನಿವೃತ್ತರಾಗಲು ಬಿಟ್ಟಿರಲಿಲ್ಲ. ಕಂಬದೂರು ಸುತ್ತಿನ ಹಟ್ಟಿಗಳಿಗೆ ಒಂದು ಪುಸ್ತಕ ಮಾಡಬೇಕು, ಅಕ್ಷರ ಬಾರದವರೂ ನೋಡಿ ತಿಳಿಯಬೇಕು ಎಂದರು. ಪುಸ್ತಕದ ಜೊತೆಗೆ ಪ್ರತಿ ಮನೆಗೂ ಒಂದು ಚೀಲ ಔಷಧಿ. ಬಾಟಲಿಗಳನ್ನು ಗುರುತಿಸಲು ಬಣ್ಣದ ಚೀಟಿ: ಮೈಮೇಲಿನ ಉಣ್ಣಿಗೆ ಕೆಂಪು, ಹೊಟ್ಟೆಹುಳಕ್ಕೆ ಹಸಿರು, ಗಾಯಕ್ಕೆ ಹಳದಿ, ಹೀಗೆ.

ಪುಸ್ತಕದ ಏರ್ಪಾಡು ಡಾಕ್ಟರದ್ದೇ, ಬಹಳ ಒಳ್ಳೆಯದಿತ್ತು. ತೆರೆದರೆ ಎಡಗಡೆ ರೋಗದ ಕುರಿ, ಔಷಧಿಯನ್ನು ಮೈಗೆ ಬಳಿಯಬೇಕೋ ಬಾಯಿಗೆ ಹುಯ್ಯಬೇಕೋ ಎಂಬ ಚಿತ್ರ. ಬಲಗಡೆ ಯಾವ ಬಾಟಲಿ, ಎಷ್ಟು ಮುಚ್ಚಳ ಎಂಬ ಚಿತ್ರ. ಓದಬೇಕಾದ್ದೇ ಇಲ್ಲ. ಈ ಕಡೆ ಕುರಿ, ಎದುರಿಗೆ ಬಾಟಲಿ. ಅಷ್ಟೇ ಸೂತ್ರ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಕಂಪ್ಯೂಟರಿನಲ್ಲಿ ಎರಡು ಪುಟ ಅಕ್ಕಪಕ್ಕ ಕಂಡ ಮಾತ್ರಕ್ಕೆ ಅವು ಪುಸ್ತಕದಲ್ಲೂ ಎದುರುಬದುರು ಬರುವುದಿಲ್ಲ. ಪುಸ್ತಕದ ಮೊದಲ ಪುಟ ಯಾವಾಗಲೂ ಬಲಗಡೆ ಒಂಟಿಯಾಗಿ ಇರುತ್ತದೆ. ಎರಡು ಮತ್ತು ಮೂರು ಜೋಡಿ, ನಾಲ್ಕು ಮತ್ತು ಐದು ಜೋಡಿ. ನಾನು ಬಳಸುವ ವರ್ಡ್ ಪ್ರೊಸೆಸರಿನ ಕೆಳಪಟ್ಟಿಯಲ್ಲಿ ಮೂರು ಸಣ್ಣ ಗುರುತುಗಳಿವೆ. ಒಂದನ್ನು ಒತ್ತಿದರೆ ಒಂದೊಂದೇ ಪುಟ, ಇನ್ನೊಂದಕ್ಕೆ ಹಲವು ಪುಟ, ಮೂರನೆಯದಕ್ಕೆ ಬುಕ್ ವ್ಯೂ, ಎಂದರೆ ತೆರೆದ ಪುಸ್ತಕದ ನೋಟ. ಮೊದಲ ಪುಟವನ್ನು ಬಲಕ್ಕೆ ತಳ್ಳಿ, ಉಳಿದವನ್ನು ಪುಸ್ತಕದಲ್ಲಿ ಹೇಗೆ ಬೀಳುತ್ತವೋ ಹಾಗೆಯೇ ತೋರಿಸುವುದು ಆ ಮೂರನೆಯದು ಮಾತ್ರ. ಬಹಳ ಜನ ಅದನ್ನು ಒತ್ತುವುದೇ ಇಲ್ಲ. ನಾನು ಒತ್ತದೆ ಯಾವ ಪುಸ್ತಕವನ್ನೂ ಹೊರಗೆ ಬಿಟ್ಟವಳಲ್ಲ.

ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬುಕ್ ವ್ಯೂನಲ್ಲೇ ಕೊನೆಯವರೆಗೆ ತೋರಿಸಿದೆ. ಮೊದಲ ಪುಟ ಹೆಸರಿನದು. ಎರಡರಿಂದ ಜೋಡಿ ಶುರು. ಉಣ್ಣಿ ಹತ್ತಿದ ಕುರಿಯ ಎದುರಿಗೆ ಕೆಂಪು ಚೀಟಿ. ತಿರುವಿದರೆ ಗದ್ದ ಊದಿಕೊಂಡ ಕುರಿ, ಬಾಯಿಗೆ ಔಷಧಿ ಹುಯ್ಯುವ ಕೈ, ಎದುರಿಗೆ ಹಸಿರು ಚೀಟಿ. ಡಾಕ್ಟರ್ ಮಗುವಿನ ಹಾಗೆ ಖುಷಿಪಟ್ಟರು. ಫೈಲನ್ನು ಪ್ರೆಸ್ಸಿಗೆ ಕಳಿಸಿ ನಾನು ಚಿಲಮತ್ತೂರಿಗೆ, ನಾದಿನಿಯ ಮಗಳ ಮದುವೆಗೆ ಹೊರಟುಹೋದೆ. ನನ್ನ ಪಾಲಿನ ಕೆಲಸ ಅಲ್ಲಿಗೆ ಮುಗಿದಿತ್ತು.

ಮುನ್ನೂರು ಪ್ರತಿಗಳ ಖರ್ಚು ವಹಿಸಿಕೊಂಡವರು ನಮ್ಮೂರ ಹುಣಸೆಹಣ್ಣಿನ ವ್ಯಾಪಾರಿ ವೀರಭದ್ರಪ್ಪನವರು. ಹಣೆ ತುಂಬ ವಿಭೂತಿ, ಮಾತಿನ ತುಂಬ ಅವ್ವ. ಅವರ ತಾಯಿ ಕುರಿಗಾರರ ಹಟ್ಟಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರಂತೆ, ಅವರ ನೆನಪಿಗೆ ಈ ದಾನ.

ಮದುವೆ ಮುಗಿಸಿ ನಾನು ಅಂಗಡಿ ಬಾಗಿಲು ತೆಗೆದ ಬೆಳಿಗ್ಗೆಯೇ ಅವರು ಮೈಸೂರುಪಾಕಿನ ಡಬ್ಬಿ, ಒಂದು ಪುಸ್ತಕ ಹಿಡಿದು ಬಂದರು. ಪುಸ್ತಕಕ್ಕೆ ಅರಿಶಿನ ಕುಂಕುಮ ಆಗಲೇ ಹಚ್ಚಿತ್ತು. ಎಲ್ಲರ ಮೆಚ್ಚುಗೆಯೂ ಬಂತು, ಪ್ರೆಸ್ಸಿನವರು ಮೊಬೈಲಿಗೆ ಪಿಡಿಎಫ್ ಕಳಿಸಿದ್ದರು, ಡಾಕ್ಟರೂ ನಾವೂ ಒಂದೊಂದೇ ಪುಟ ಜರುಗಿಸಿ ನೋಡಿ ಒಪ್ಪಿದೆವು ಎಂದರು. ನಾನು ಹೆಸರಿನ ಪುಟ ತಿರುವಿದೆ. ಅದರ ಬೆನ್ನಿಗೆ ಸೆರಗು ಹೊದ್ದ ಒಬ್ಬ ಹೆಂಗಸಿನ ಫೋಟೊ. ನಾನು ಕಟ್ಟಿದ ಪುಟಗಳಲ್ಲಿ ಆ ಫೋಟೊ ಇರಲಿಲ್ಲ.

ಈ ಸೀಮೆಯಲ್ಲಿ ದಾನಿಯ ಫೋಟೊ ಇಲ್ಲದೆ ಬಸ್ ಸ್ಟ್ಯಾಂಡಿನ ಬೆಂಚೂ ಏಳುವುದಿಲ್ಲ, ಅದು ಗೊತ್ತಿದ್ದದ್ದೇ. ಫೋಟೊಗೆಂದು ಒಂದು ಇಡೀ ಹಾಳೆ, ಅಂದರೆ ಎರಡು ಪುಟ ಸೇರಿಸಿದ್ದರೆ ತೊಂದರೆಯೇ ಇರಲಿಲ್ಲ. ಆದರೆ ಆಗ ಫೋಟೊದ ಎದುರಿನ ಪುಟ ಖಾಲಿ ಉಳಿಯುತ್ತದೆ. ಅವ್ವನ ಎದುರಿಗೆ ಖಾಲಿ ಪುಟ ಬೇಡ, ಕುರಿಯೇ ಬರಲಿ ಎಂದು ವೀರಭದ್ರಪ್ಪನವರು ಹೇಳಿದರು, ಪ್ರೆಸ್ಸಿನವನು ಒಂದೇ ಪುಟ ತುರುಕಿದ. ಅಲ್ಲಿಂದ ಮುಂದಿನದೆಲ್ಲ ಒಂದೊಂದು ಪುಟ ಜರುಗಿತು.

ನಾನು ಹೊಟ್ಟೆಹುಳದ ಚಿತ್ರವನ್ನು ಹುಡುಕಿ ತೆಗೆದೆ. ಅದು ಎಡಗಡೆ ಇರಬೇಕಿತ್ತು, ಬಲಗಡೆ ಇತ್ತು. ಬಾಯಿಗೆ ಔಷಧಿ ಹುಯ್ಯುವ ಆ ಕೈಯ ಎದುರಿಗೆ, ಎಡಗಡೆ, ಉಣ್ಣಿಯ ಕೆಂಪು ಬಾಟಲಿ.

“ಎಲ್ಲಾ ಪುಟಾನೂ ಸರಿಯಾಗೇ ಐತಲ್ಲಮ್ಮ” ಎಂದರು ವೀರಭದ್ರಪ್ಪನವರು, ನನ್ನ ಮುಖ ನೋಡಿ.

ಅದೇ ಆಗಿದ್ದದ್ದು. ಪುಟ ಎಲ್ಲವೂ ಸರಿ, ಪುಸ್ತಕ ತಪ್ಪು. ಮೊಬೈಲಿನಲ್ಲಿ ಒಂದೊಂದೇ ಪುಟ ನೋಡಿದವರಿಗೆ ಯಾವುದರ ಎದುರು ಯಾವುದು ಎಂದು ಕಾಣುವುದಾದರೂ ಹೇಗೆ? ಬೈಯಬೇಕು ಎಂದು ಬಾಯಿ ತೆರೆದವಳು ಬೈಯಲಿಲ್ಲ, ಹೊತ್ತು ಇರಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದೆ. ಕಟ್ಟುಗಳು ಮೊನ್ನೆಯೇ ಬಂದಿವೆ, ನಾಳೆ ಕಲ್ಯಾಣದುರ್ಗದಲ್ಲಿ ಶಿಬಿರ, ಅಲ್ಲಿ ಹಂಚುತ್ತೇವೆ ಎಂದರು. ಒಂದು ಕಟ್ಟು ಮಾತ್ರ ಕುರಿಗಾರರ ಸಂಘದ ಕಾರ್ಯದರ್ಶಿ ನಿನ್ನೆ ಸಂಜೆ ಕಂಬದೂರಿನ ಹತ್ತಿರದ ತನ್ನ ಹಟ್ಟಿಗೆ ಒಯ್ದು, ಇಪ್ಪತ್ತೊಂದು ಮನೆಗೆ ಔಷಧಿ ಸಮೇತ ಕೊಟ್ಟಿದ್ದಾನೆ ಎಂದೂ ಹೇಳಿದರು.

“ಸರ್, ನಿಮ್ಮ ಹತ್ರ ಇರೋ ಪುಸ್ತಕ ಬಿಚ್ಚಿ. ಹೊಟ್ಟೆಹುಳದ ಚಿತ್ರ ತೆಗೀರಿ. ಎದುರಿಗೆ ಯಾವ ಬಾಟ್ಲಿ ಐತೆ?”

ಹಾಳೆ ತಿರುವುವ ಸದ್ದು ಕೇಳಿಸಿತು.

“ಕೆಂಪು,” ಎಂದರು ಡಾಕ್ಟರ್. ಅವರ ದನಿ ಬೇರೆಯಾಗಿತ್ತು. “ಅದು ಹೊಟ್ಟೆಗೆ ಹೋದ್ರೆ ವಿಷ ಕಣಮ್ಮ. ಮರಿ ಒಂದೂ ಉಳಿಯಲ್ಲ.”

ಬಾಟಲಿಯ ಮೇಲೆ ಎಚ್ಚರಿಕೆ ಅಚ್ಚಾಗಿತ್ತು, ಆದರೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಕಾರ್ಯದರ್ಶಿ ಪುಸ್ತಕ ಹಂಚುವಾಗ ತೆರೆದು ತೋರಿಸಿರಲಿಲ್ಲ, ಡಾಕ್ಟರ್ ಕಲಿಸಿದ ಸೂತ್ರವನ್ನು ಮಾತ್ರ ಚಾಚೂ ತಪ್ಪದೆ ಒಪ್ಪಿಸಿದ್ದ: ನಿಮ್ಮ ಕುರಿಗೆ ಏನಾಗಿದೆಯೋ ಆ ಚಿತ್ರ ತೆಗೆಯಿರಿ, ಎದುರಿಗಿರೋ ಬಾಟಲಿ ಹಾಕಿ. ಮುಂಗಾರಿನ ಮೊದಲ ಹಸಿರು ಮೇದ ಕುರಿಗಳಿಗೆ ಹೊಟ್ಟೆಹುಳದ ಕಾಟ ಶುರುವಾಗುವ ಕಾಲ ಅದು. ಆ ಪುಟವನ್ನೇ ಎಲ್ಲರೂ ಮೊದಲು ತೆಗೆಯುವುದು ಎಂದು ಡಾಕ್ಟರೇ ನನಗೆ ಹೇಳಿದ್ದರು.

ನೀವೂ ಬನ್ನಿ, ಉಳಿದ ಪುಸ್ತಕ ಏನು ಮಾಡಬಹುದು ನೋಡಬೇಕು ಎಂದು ಹೇಳಿ ಅವರು ಬೈಕಿನಲ್ಲಿ ಹಟ್ಟಿಗೆ ಹೊರಟರು. ವೀರಭದ್ರಪ್ಪನವರು ಮೈಸೂರುಪಾಕಿನ ಡಬ್ಬಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಕಾರು ತಂದರು. ರೊದ್ದಂ ದಾಟಿದ ಮೇಲೆ ಅವರು ಕಾರು ಓಡಿಸುತ್ತಲೇ, ಯಾರಿಗೂ ಅಲ್ಲದಂತೆ ಹೇಳಿದರು:

“ಪುಣ್ಯ ಬರ್ಲಿ ಅಂತ ಅವ್ವನ್ನ ಕೂರಿಸ್ದೆ. ಅವ್ವನ ಹೆಸ್ರಲ್ಲೇ ಮೂಕ ಪ್ರಾಣಿಗೆ ವಿಷ ಹಾಕ್ಬುಟ್ನಲ್ಲ.”

ನನಗೆ ಅವರ ಮೇಲೆ ಕೋಪ ಇನ್ನೂ ಇತ್ತು, ಅಯ್ಯೋ ಎಂದೂ ಅನ್ನಿಸಿತು. ಎರಡನ್ನೂ ನುಂಗಿಕೊಂಡು ಕಾರ್ಯದರ್ಶಿಯ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತ ಕೂತೆ. ಕೊನೆಗೆ ಸಿಕ್ಕ. ಡಾಕ್ಟರು ಆಗಲೇ ತಿಳಿಸಿದ್ದರು, ಗುಡಿಯ ಮೈಕಿನಲ್ಲಿ ಕೂಗಿಸುತ್ತಿದ್ದೇನೆ ಎಂದ. ಫೋನಿನಲ್ಲೇ ಮೈಕಿನ ದನಿ ನನಗೂ ಕೇಳಿಸಿತು, ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ: ಕೆಂಪು ಚೀಟಿಯ ಬಾಟಲಿ ಯಾರೂ ಮುಟ್ಟಬೇಡಿ, ಗುಡಿ ಹತ್ತಿರ ತಂದುಕೊಡಿ.

ನಾವು ಹಟ್ಟಿ ತಲುಪಿದಾಗ ಗುಡಿಯ ಕಟ್ಟೆಯ ಮೇಲೆ ಕೆಂಪು ಚೀಟಿಯ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳವೂ ತೆರೆದಿರಲಿಲ್ಲ. ಬಹಳ ಮನೆಗಳಲ್ಲಿ ಪುಸ್ತಕ ನೇರ ದೇವರ ಗೂಡಿಗೆ ಹೋಗಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತಂತೆ, ಬಿಚ್ಚಿ ನೋಡಿದವರೇ ಕಡಿಮೆ. ನನ್ನ ಪುಸ್ತಕವನ್ನು ಯಾರೂ ಬಿಚ್ಚಿಲ್ಲ ಎಂದು ಕೇಳಿ ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಡಾಕ್ಟರ್ ಬೆರಳಿಟ್ಟು ಎಣಿಸುತ್ತಿದ್ದರು. ಮತ್ತೆ ಮೊದಲಿಂದ ಎಣಿಸಿದರು. ಒಂದು ಕಡಿಮೆ.

ಅದು ಹನುಮಕ್ಕನ ಮನೆಯದು. ಗಂಡ ಕುರಿ ಸಂತೆಗೆ ಹೋಗಿದ್ದ, ಮಂದೆಯನ್ನು ಅವಳೇ ಹೊಡೆದುಕೊಂಡು ಹೋಗಿದ್ದಳು. ಮನೆಯಲ್ಲಿದ್ದ ಅತ್ತೆಗೆ ಕಣ್ಣು ಮಂಜು, ಕಿವಿ ಚುರುಕು. ಮೈಕು ಕೇಳಿಸಿ ಬಾಗಿಲಿಗೇ ಬಂದು ನಿಂತಿದ್ದಳು.

“ಮೂರು ದಿನದಿಂದ ಮರಿಗೊಳು ಉಚ್ಕತಾ ಅವೆ ಸಾಮಿ, ಗದ್ದ ಊದ್ಕಂಡೈತೆ. ನೆನ್ನೆ ಸಂಜೆ ಪುಸ್ತಕ ನೋಡ್ಕಂಡು ಕುಂತಿದ್ಲು. ಇವತ್ತು ಮದ್ದು ಹುಯ್ತೀನಿ ಅಂತ ಎರಡು ಬಾಟ್ಲಿ ತಗಂಡು ಹೋದ್ಲು, ಕಾಗದಾನೂ ಹಿಡ್ಕಂಡು.”

ಗದ್ದದ ಊತ ಎಂದರೆ ಹೊಟ್ಟೆಹುಳದ್ದೇ ಗುರುತು. ಡಾಕ್ಟರ್ ಅವಳ ಫೋನಿಗೆ ಕರೆ ಮಾಡಿದರು. ಮನೆಯೊಳಗೆ, ಗೂಟಕ್ಕೆ ನೇತುಹಾಕಿದ್ದ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ಕುಂಟೆಯ, ಅಂದರೆ ಊರಾಚೆಯ ಸಣ್ಣ ಕೆರೆಯ ದಿಕ್ಕಿಗೆ ಹೋಗಿದ್ದಾಳೆ ಎಂದು ಮುದುಕಿ ಕೈ ತೋರಿಸುವಷ್ಟರಲ್ಲಿ ಡಾಕ್ಟರ್ ಬೈಕ್ ಹೊರಡಿಸಿಯಾಗಿತ್ತು.

ಕಾರು ಹೊಲದ ಬದುವಿನವರೆಗೆ ಹೋಯಿತು. ಅಲ್ಲಿಂದ ಮುಂದೆ ನಾವಿಬ್ಬರೂ ಓಡಿದೆವು. ಅರವತ್ತು ದಾಟಿದ ವೀರಭದ್ರಪ್ಪನವರು ಬಿಳಿ ಪಂಚೆಯನ್ನು ಎತ್ತಿ ಕಟ್ಟಿ ಜಾಲಿಮುಳ್ಳಿನ ನಡುವೆ ಓಡುತ್ತಿದ್ದರು, ಅವರ ಹಿಂದೆ ಏದುಸಿರು ಬಿಡುತ್ತ ನಾನು. ದಿಬ್ಬ ಹತ್ತಿದಾಗ ಕುಂಟೆ ಕಂಡಿತು, ಅದರ ದಂಡೆಯಲ್ಲಿ ಮಂದೆ. ನಡುವೆ ಒಬ್ಬ ಹೆಂಗಸು ಬಗ್ಗಿ ನಿಂತಿದ್ದಳು. ಎರಡು ಮಂಡಿಗಳ ನಡುವೆ ಒಂದು ಮರಿಯನ್ನು ಅವುಚಿಕೊಂಡು, ಎಡಗೈಯಲ್ಲಿ ಅದರ ದವಡೆ ತೆರೆದು, ಬಲಗೈಯಿಂದ ಬಾಯಿಗೆ ಏನನ್ನೋ ಹುಯ್ಯುತ್ತಿದ್ದಳು.

ನಾನು ಕೂಗಿದೆ. ಎದುರುಗಾಳಿ, ಕುರಿಗಳ ಅರಚಾಟ, ಅವಳಿಗೆ ಕೇಳಿಸಲಿಲ್ಲ. ಆ ಮರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದಳು. ಅದಕ್ಕೂ ಹುಯ್ದಳು. ಡಾಕ್ಟರ ಬೈಕ್ ಕುಂಟೆಯ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಅಲ್ಲೇ ಕೆಡವಿ ಅವರು ಕೈಬೀಸುತ್ತ ಓಡುತ್ತಿದ್ದರು. ಮೂರನೆಯ ಮರಿ ಅವಳ ಮಂಡಿಗಳ ನಡುವೆ ಬಂದಿತ್ತು. ಅಷ್ಟು ದೂರದಿಂದ ಬಾಟಲಿಯ ಚೀಟಿಯ ಬಣ್ಣ ಕಾಣುತ್ತಿರಲಿಲ್ಲ. ಸತ್ತುಬಿದ್ದ ಮರಿಗಳು ಕಾಣುತ್ತವೇನೋ ಎಂದು ನಾನು ದಂಡೆಯ ಉದ್ದಕ್ಕೂ ನೋಡಿದೆ. ನಾನು ನಂಬಿದ ದೇವರುಗಳನ್ನೆಲ್ಲ ಆ ಹೊತ್ತಿನಲ್ಲಿ ಕರೆದೆ.

ಡಾಕ್ಟರ್ ಅವಳ ಕೈಯಿಂದ ಬಾಟಲಿಯನ್ನು ಕಿತ್ತುಕೊಂಡರು. ನೋಡಿದರು. ಆಮೇಲೆ ಹಾಗೇ ನೆಲದ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದು ನೋಡಿ ವೀರಭದ್ರಪ್ಪನವರ ಕಾಲು ಅಲ್ಲೇ ನಿಂತವು. ಮುಗಿಯಿತು ಎಂದುಕೊಂಡೆ.

ಹತ್ತಿರ ಹೋದರೆ ಡಾಕ್ಟರ ಕೈಯಲ್ಲಿದ್ದದ್ದು ಹಸಿರು ಚೀಟಿ.

ಹನುಮಕ್ಕ ಮೂವರನ್ನೂ ಹುಚ್ಚರನ್ನು ನೋಡಿದಂತೆ ನೋಡಿದಳು. ಹುಯ್ಯುವಾಗ ಗದ್ದಲ ಮಾಡಿದರೆ ಮರಿ ಬೆದರಿ ಔಷಧಿ ಶ್ವಾಸಕ್ಕೆ ಹೋಗುತ್ತದೆ, ನೀವೇ ಹೇಳಿಕೊಟ್ಟದ್ದಲ್ಲವೇ ಎಂದು ಡಾಕ್ಟರನ್ನೇ ಗದರಿಸಿದಳು. ಕೆಂಪು ಬಾಟಲಿ ಎಲ್ಲಿ ಎಂದು ನಾನು ಕೇಳಿದೆ. ಹೆಗಲ ಚೀಲದಿಂದ ತೆಗೆದುಕೊಟ್ಟಳು, ಮುಚ್ಚಳ ಬಿಚ್ಚಿರಲಿಲ್ಲ. ಪುಸ್ತಕ ನೋಡಿಯೂ ನೀನು ಹಸಿರು ಹೇಗೆ ಹಾಕಿದೆ ಎಂದು ಡಾಕ್ಟರ್ ಕೇಳಿದಾಗ ಮಾತ್ರ ಅವಳ ಮುಖ ಸಣ್ಣದಾಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಮಡಿಸಿದ ಹಾಳೆಯೊಂದನ್ನು ತೆಗೆದಳು.

“ಹರಿದಿದ್ಕೆ ಬೈಯ್ಬ್ಯಾಡಿ ಸಾಮಿ. ಪುಸ್ತಕ ಹೊತ್ಕಂಡು ಬಂದ್ರೆ ಮೇಕೆ ತಿಂದ್ಬುಡ್ತದೆ ಅಂತ ಈ ಒಂದು ಹಾಳೆ ಕಿತ್ಕಂಡೆ. ನೆನ್ನೆ ನೋಡ್ದಾಗ ಎದುರಿಗೆ ಕೆಂಪು ಇತ್ತು, ಕೆಂಪೇ ಹುಯ್ಬೇಕು ಅನ್ಕಂಡಿದ್ದೆ, ಹಸಿರೂ ಇರ್ಲಿ ಅಂತ ಚೀಲಕ್ಕೆ ಹಾಕ್ಕಂಡೆ. ಇಲ್ಲಿ ಬಂದು ಬಿಚ್ಚಿದ್ರೆ ಇದರ ಬೆನ್ನಾಗೆ ಹಸಿರೈತೆ. ಯಾವ್ದಪ್ಪ ಅಂತ ಯೋಚ್ನೆ ಮಾಡ್ದೆ. ಆ ಕೆಂಪಿನ ಹಾಳೆ ಮನೆಯಾಗೆ ಉಳಕಂತು, ಕೈಯಾಗಿರೋ ಹಾಳೆ ಇದು, ಇದನ್ನೇ ಹಾಕಾನ ಅಂತ ಹಾಕ್ದೆ.”

ಅಷ್ಟೇ. ಮೇಕೆಯ ಭಯಕ್ಕೆ ಹರಿದ ಒಂದು ಹಾಳೆ ಆ ಮಂದೆಯನ್ನು ಉಳಿಸಿತ್ತು. ವೀರಭದ್ರಪ್ಪನವರು ಅವಳಿಗೆ ಕೈಮುಗಿದು ಗಟ್ಟಿಯಾಗಿಯೇ ಅತ್ತುಬಿಟ್ಟರು. ಏನಾಯಿತೆಂದು ಅರ್ಥವಾಗದ ಹನುಮಕ್ಕ, “ಪರವಾಲೇದು ಅಯ್ಯ, ಒಂದು ಹಾಳೆ ತಾನೆ” ಎಂದು ಅವರನ್ನು ಸಮಾಧಾನ ಮಾಡಿದಳು. ಡಾಕ್ಟರ್ ನಗಲೂ ಆಗದೆ ಅಳಲೂ ಆಗದೆ ಮರಿಯೊಂದರ ಬೆನ್ನು ಸವರುತ್ತ ಕೂತರು. ಆಮೇಲೆ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೇಳಿದ ಮೇಲೆ ಅವಳು ಮರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ನಾನು ಮಾತ್ರ ಆ ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ನಿಂತಿದ್ದೆ. ಮುಂದೆ ಕುರಿ, ಹಿಂದೆ ಬಾಟಲಿ. ಕಾರಿನಲ್ಲಿ ಬರುವಾಗಲೆಲ್ಲ ನನ್ನ ತಲೆ ಒಂದೇ ಲೆಕ್ಕ ಹಾಕುತ್ತಿತ್ತು: ಫೋಟೊ ಇರುವ ಹಾಳೆ ಹರಿದುಹಾಕಿದರೆ ಸರಿಹೋಗುವುದೇ? ಹೋಗುವುದಿಲ್ಲ. ಹಾಳೆಗೆ ಎರಡು ಮುಖ. ಒಂದು ಹಾಳೆ ಕಿತ್ತರೂ ಅಂಟಿಸಿದರೂ ಎರಡು ಪುಟ ಜರುಗುತ್ತವೆ, ಎಡದ್ದು ಎಡಕ್ಕೇ ಬಲದ್ದು ಬಲಕ್ಕೇ ಉಳಿಯುತ್ತದೆ. ಮುನ್ನೂರು ಪುಸ್ತಕವೂ ರದ್ದಿ ಎಂದೇ ನಾನು ತೀರ್ಮಾನಿಸಿದ್ದೆ. ಆದರೆ ಒಂದು ಪುಟ ಜರುಗಿದ್ದರಿಂದಲೇ ಪ್ರತಿ ರೋಗವೂ ಅದರ ಔಷಧಿಯೂ ಒಂದೇ ಹಾಳೆಯ ಎರಡು ಮುಖಗಳಿಗೆ ಬಂದು ಕೂತಿದ್ದವು. ಪುಸ್ತಕವಾಗಿ ಅದು ವಿಷ. ಬಿಡಿ ಹಾಳೆಗಳಾಗಿ ಅದರಲ್ಲಿ ಒಂದು ತಪ್ಪೂ ಇಲ್ಲ.

ಹಟ್ಟಿಯ ಇಪ್ಪತ್ತೊಂದು ಪುಸ್ತಕಗಳನ್ನೂ ದೇವರ ಗೂಡುಗಳಿಂದ ಇಳಿಸಿಕೊಂಡು ಕಲ್ಯಾಣದುರ್ಗಕ್ಕೆ ಹೋದೆವು. ಅಲ್ಲಿ ಬೈಂಡಿಂಗ್ ಮಾಡುವವರೊಬ್ಬರ ಕಟಿಂಗ್ ಮೆಷಿನ್ನಿಗೆ ಇಟ್ಟು ಮುನ್ನೂರು ಪುಸ್ತಕಗಳ ಬೆನ್ನನ್ನೂ ಪಿನ್ನಿನ ಸಮೇತ ಕತ್ತರಿಸಿದೆವು. ಪುಸ್ತಕ ಕಟ್ಟುವುದೇ ಕಸುಬಾದ ನಾನು ಆ ಬ್ಲೇಡನ್ನು ಒಂದೊಂದು ಸಲವೂ ಪಕ್ಕದಲ್ಲೇ ನಿಂತು ಇಳಿಸಿದೆ. ಮೂಲೆಗೊಂದು ತೂತು, ತೂತಿಗೆ ಹಟ್ಟಿಯವರೇ ನೂತ ಕರಿ ಉಣ್ಣೆಯ ದಾರ. ಅವ್ವನ ಫೋಟೊ ಇರುವ ಮೊದಲ ಹಾಳೆಯನ್ನು ತೆಗೆದು ಸುಟ್ಟುಬಿಡಿ ಎಂದರು ವೀರಭದ್ರಪ್ಪನವರು.

“ಇರ್ಲಿ ಬಿಡಿ,” ಎಂದೆ. “ಅವರ ಹಾಳೆಯಾಗೆ ಯಾವ ಬಾಟ್ಲೀನೂ ಇಲ್ಲ. ಮೇಲೆ ಕುಂತ್ಕಂಡು ಕೆಳಗಿನವು ಮಣ್ಣಾಗದಂಗೆ ಕಾಯ್ತಾರೆ.”

ಮರುದಿನದ ಶಿಬಿರ ನಡೆಯಿತು. ಈ ಸಲ ಸೂತ್ರ ಬೇರೆ: ಹಾಳೆ ತಿರುಗಿಸಿ. ಡಾಕ್ಟರ್ ಒಬ್ಬೊಬ್ಬರ ಕೈಯಲ್ಲೂ ಕೊಟ್ಟು ತಿರುಗಿಸಿ ತೋರಿಸಲು ಹೇಳಿದರು. ಸರಿಯಾಗಿ ತೋರಿಸಿದವರಿಗೆ ಮಾತ್ರ ಔಷಧಿಯ ಚೀಲ. ಹಿಂದೂಪುರಕ್ಕೆ ವಾಪಸಾದ ಮೇಲೆ ಪ್ರೆಸ್ಸಿನವನನ್ನು ಕರೆಸಿ, ಬಾಕಿ ಉಳಿಸಿಕೊಂಡಿದ್ದ ಬೈಗುಳವನ್ನು ತೀರಿಸಿದೆ.

ಅಂದಿನಿಂದ ನಾನು ಬುಕ್ ವ್ಯೂ ಒಂದನ್ನೇ ನಂಬುವುದು ಬಿಟ್ಟೆ. ಯಾವ ಪುಸ್ತಕವಾದರೂ ಪ್ರೆಸ್ಸಿಗೆ ಹೋಗಿ ಬಂದ ಮೇಲೆ ಒಂದು ಪ್ರತಿಯನ್ನು ಮಡಿಸಿ, ಪಿನ್ ಹೊಡೆದು, ಬಳಸುವವರ ಕೈಗೆ ಕೊಟ್ಟು ಸುಮ್ಮನೆ ನೋಡುತ್ತ ಕೂರುತ್ತಿದ್ದೆ. ಹೇಗೆ ಬಿಚ್ಚುತ್ತಾರೆ, ಎಲ್ಲಿ ಮಡಿಸುತ್ತಾರೆ, ಏನನ್ನು ಹರಿಯುತ್ತಾರೆ ಎಂದು.

ಎರಡು ವರ್ಷದ ಮೇಲೆ ಡಾಕ್ಟರ್ ಎರಡನೇ ಮುದ್ರಣಕ್ಕೆ ಬಂದರು. ಈ ಸಲ ತಪ್ಪಾಗದ ಹಾಗೆ ಎದುರುಬದುರು ಪುಟಗಳ ಪುಸ್ತಕವನ್ನೇ ಮಾಡೋಣ ಎಂಬುದು ಅವರ ಆಸೆ, ನನ್ನ ಆಸೆಯೂ ಅದೇ. ಅಷ್ಟು ಅಂದವಾಗಿ ಕಟ್ಟಿದ್ದೆನಲ್ಲ. ಎದುರಿಗೇ ಅವರನ್ನು ಕೂರಿಸಿಕೊಂಡು ಹನುಮಕ್ಕನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಿನಗೆ ಪುಸ್ತಕ ಬೇಕೋ ಬಿಡಿ ಹಾಳೆ ಬೇಕೋ ಎಂದು ಕೇಳಿದೆ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು, ಫೋನನ್ನು ಈಗ ಜೊತೆಗೇ ಒಯ್ಯುತ್ತಾಳೆ ಎಂದಾಯಿತು.

“ಹಾಳೇನೇ ಕೊಡಕ್ಕ,” ಎಂದಳು. “ಕುರಿ ಹಿಡ್ಕಂಡಿರೋಳಿಗೆ ಒಂದು ಕೈ ತಾನೆ ಖಾಲಿ ಇರೋದು. ಪುಸ್ತಕ ಬಿಚ್ಚಕ್ಕೆ ಎರಡು ಬೇಕು.”

ನಾನು ಪರದೆಯ ಕೆಳಪಟ್ಟಿಗೆ ಹೋಗಿ, ಬುಕ್ ವ್ಯೂನ ಮೂರನೆಯ ಗುರುತನ್ನು ಬಿಟ್ಟು, ಒಂದೊಂದೇ ಪುಟ ತೋರಿಸುವ ಮೊದಲನೆಯದನ್ನು ಒತ್ತಿದೆ.